ವಲಸೆಯ ಸದ್ದು, ನೆಲೆಯ ಹಾಡು

ಊರು ಬಿಟ್ಟು ಊರಿಗೆ ಹೋಗುವ ಕುಟುಂಬವು ತನ್ನೊಡನೆ ಒಯ್ಯುವ ಸಾಮಾನುಗಳ ಪಟ್ಟಿ ಮಾಡುವುದು ಸುಲಭ. ಪಾತ್ರೆ ಪಡಗ, ಹಾಸಿಗೆ ಹೊದಿಕೆ, ತಗಡಿನ ಪೆಟ್ಟಿಗೆ, ಗೋಡೆಯ ಮೇಲಿದ್ದ ಪವಿತ್ರ ಹೃದಯದ ಪಟ, ಅಜ್ಜಿಯ ಜಪಸರ. ಆದರೆ ಯಾವ ಪಟ್ಟಿಗೂ ಸೇರದೆ ಬೆನ್ನು ಹತ್ತಿ ಬರುವ ಇನ್ನೊಂದು ಆಸ್ತಿಯಿದೆ. ಅದು ಬಿಟ್ಟುಬಂದ ಊರಿನ ಸದ್ದು. ಒರಳಿನಲ್ಲಿ ಮಸಾಲೆ ರುಬ್ಬುವ ಲಯ, ಬಾವಿಯ ರಾಟೆಯ ಕಿರುಗುಟ್ಟುವಿಕೆ, ಬೆಳಗಿನ ಜಾವ ಪಾವ್ ಮಾರುವವನ ಕೂಗು, ಸಂಜೆಯ ಆಂಜೆಲಸ್ ಗಂಟೆ ಇವೆಲ್ಲ ಕಿವಿಯಲ್ಲಿ ಮನೆಮಾಡಿ, ಕಾಲಾಂತರದಲ್ಲಿ ನಾಲಿಗೆಗೆ ಇಳಿದು ಹಾಡಾಗುತ್ತವೆ. ಹೊಸ ಊರಿನ ಸದ್ದೂ ಬಂದು ಅದೇ ಹಾಡಿನೊಳಗೆ ಕುಳಿತ ದಿನ, ವಲಸೆ ಬಂದವರು ಆ ಊರಿನವರಾಗುತ್ತಾರೆ. ಈ ಮಾತನ್ನು ಬೆಳಗಾವಿ ನಗರದ ಮತ್ತು ಖಾನಾಪುರ ತಾಲೂಕಿನ ನಮ್ಮ ಕಥೋಲಿಕ ಕುಟುಂಬಗಳ ಮುಂದಿಟ್ಟು ಒಂದಿಷ್ಟು ಚಿಂತನೆ ನಡೆಸುವುದು ಈ ವಾರದ ಉದ್ದೇಶ.

ಖಾನಾಪುರದ ಭೂಗೋಳವೇ ನಮ್ಮ ಕಥೆಯನ್ನು ಅರ್ಧ ಹೇಳಿಬಿಡುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ತಾಲೂಕಿನ ಕಾಡುಗಳಲ್ಲಿ ಹುಟ್ಟಿದ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವೆಯಲ್ಲಿ ಮಾಂಡವಿ ಎಂದು ಕರೆಸಿಕೊಂಡು ಅರಬ್ಬೀ ಸಮುದ್ರದ ಪಾಲಾಗುತ್ತಾಳೆ. ನೀರು ಗೋವೆಗೆ ಇಳಿದ ದಿಕ್ಕಿನಿಂದಲೇ ಜನರು ಘಟ್ಟ ಹತ್ತಿ ಇತ್ತ ಬಂದರು. ತೆರಿಗೆಯ ಭಾರಕ್ಕೆ, ಬರಗಾಲಕ್ಕೆ, ಪರಕೀಯ ಆಡಳಿತದ ಬಿಗಿಗೆ ಬೇಸತ್ತು ಬಂದವರು ಕೆಲವರು. ಬ್ರಿಟಿಷರ ದಂಡು ಪ್ರದೇಶದಲ್ಲಿ ಉದ್ಯೋಗ ಅರಸಿ ಬಂದವರು ಹಲವರು. ಗೋವೆಯ ಚರ್ಚುಗಳಿಗೆ ಹೊಂದಿಕೊಂಡ ಶಾಲೆಗಳಲ್ಲಿ ಸ್ವರಲಿಪಿ ಕಲಿತ ಹುಡುಗರಿಗೆ ಬ್ರಿಟಿಷ್ ಭಾರತದ ಸೇನಾ ವಾದ್ಯವೃಂದಗಳಲ್ಲಿ ಬೇಡಿಕೆಯಿತ್ತು. 19ನೆಯ ಶತಮಾನದ ಕೊನೆಯಲ್ಲಿ ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಮುರಗಾಂವ ಬಂದರಿಗೆ ರೈಲು ಹರಿದಾಗ ಈ ಓಡಾಟಕ್ಕೆ ಚಕ್ರಗಳೇ ಬಂದವು. 1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಕ್ಷೇತ್ರವು ರೂಪುಗೊಂಡಾಗ, ಅದರ ಮಡಿಲಲ್ಲಿದ್ದ ಭಕ್ತರಲ್ಲಿ ಘಟ್ಟದ ಕೆಳಗಿನ ನೆನಪುಳ್ಳವರು ಬಹಳಷ್ಟು ಮಂದಿಯಿದ್ದರು.

ಈ ಕುಟುಂಬಗಳು ಮನೆಯೊಳಗೆ ಕೊಂಕಣಿ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆಡಿ ಬದುಕಿವೆ. 'ನಿಮ್ಮದು ಯಾವ ಊರು?' ಎಂದು ಯಾರಾದರೂ ಕೇಳಿದರೆ ನಮ್ಮ ಹಿರಿಯರು ಒಂದು ಕ್ಷಣ ತಡವರಿಸಿ ಉತ್ತರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಅಜ್ಜನ ಊರು ಹೇಳಬೇಕೋ, ಹುಟ್ಟಿದ ಊರು ಹೇಳಬೇಕೋ ಎಂಬ ತಡವರಿಕೆ ಅದು. ಭಾಷೆಯ ಹೆಸರಿನಲ್ಲಿ ಆಗಾಗ ಕಾವೇರುವ ಈ ಗಡಿನಾಡಿನಲ್ಲಿ ಅಂಥ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಕೊಡುವುದು ಕಷ್ಟ. ನಮ್ಮ ಹಿರಿಯರು ಸಂಗೀತದಲ್ಲಿ ಉತ್ತರ ಕೊಟ್ಟರು. ಆ ಉತ್ತರವನ್ನು ನಾವು ಮರೆಯುತ್ತಿದ್ದೇವೆ ಎಂಬುದೇ ನಮ್ಮ ಕಳವಳ.

ಅಡಿಗೆಮನೆಯಿಂದ ಎದ್ದ ವಾದ್ಯ

ಕೊಂಕಣಿ ಜನರ ವಾದ್ಯವಾದ ಗುಮಟೆಯನ್ನು ನೋಡಿ. ಅದು ಎರಡೂ ಕಡೆ ಬಾಯಿ ಇರುವ ಮಣ್ಣಿನ ಗಡಿಗೆ. ಅಗಲವಾದ ಬಾಯಿಗೆ ಚರ್ಮ ಬಿಗಿದು ಬಲಗೈಯಿಂದ ಬಡಿಯುತ್ತಾರೆ. ಕಿರಿದಾದ ಬಾಯಿಯನ್ನು ಎಡ ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಏರಿಳಿಸುತ್ತಾರೆ. ನೀರು ಕಾಯಿಸುವ, ಅಕ್ಕಿ ತುಂಬಿಡುವ ಮಡಕೆಯ ಸೋದರ ಸಂಬಂಧಿ ಇದು. ಅಡಿಗೆಮನೆಯ ಪಾತ್ರೆಯೇ ಅಂಗಳಕ್ಕೆ ಬಂದು ಹಾಡತೊಡಗಿತು ಎಂದರೆ ತಪ್ಪಾಗಲಾರದು. ನಮ್ಮ ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರಲ್ಲಿಯೂ ಗುಮಟೆಯ ಹಾಡು ಮನೆಮಾತು. ಹೀಗಾಗಿ ಈ ವಾದ್ಯ ಒಂದು ಮತಕ್ಕೆ, ಒಂದು ಭಾಷೆಗೆ ಸೇರಿದ್ದಲ್ಲ, ಮಣ್ಣಿಗೆ ಸೇರಿದ್ದು.

ಓವಿಯ ಕಥೆಯೂ ಇಂಥದೇ. ಬೀಸುವ ಕಲ್ಲು ಸುತ್ತುವಾಗ ಹುಟ್ಟುವ ಗರಗರ ಸದ್ದಿಗೆ ಹೆಣ್ಣುಮಕ್ಕಳು ಮಾತು ಕೂಡಿಸಿದರು. ತವರಿನ ಅಗಲಿಕೆ, ಅತ್ತೆಮನೆಯ ಅಂಜಿಕೆ, ದೂರ ಹೋದ ಅಣ್ಣನ ನೆನಪು ಇವೇ ಅದರ ವಸ್ತು. ಮದುವೆಯಾಗಿ ಬೇರೆ ಮನೆಗೆ ಹೋಗುವ ಹೆಣ್ಣೇ ಜಗತ್ತಿನ ಮೊದಲ ವಲಸೆಗಾರ್ತಿ ಎಂಬುದನ್ನು ಬೀಸುವ ಪದಗಳು ಅರಿತಿದ್ದವು. ಕನ್ನಡದ ತ್ರಿಪದಿಯೂ ಕೊಂಕಣಿಯ ಓವಿಯೂ ಒಂದೇ ಕಲ್ಲಿನ ಎರಡು ಮಗ್ಗುಲಿನಲ್ಲಿ ಕುಳಿತು ಹಾಡಿದ ಅಕ್ಕತಂಗಿಯರು. ಕರಾವಳಿಯ ಕಥೋಲಿಕರ ಮದುವೆಯ ಮುನ್ನಾದಿನ ತೆಂಗಿನ ಹಾಲನ್ನು ಹಚ್ಚುವ ರೋಸ್ ಶಾಸ್ತ್ರದಲ್ಲಿ ಇಂದಿಗೂ ಓವಿ ಹಾಡುವ ವಾಡಿಕೆ ಇದೆ.

ಇಲ್ಲಿ ಒಂದು ಕಹಿ ಸತ್ಯವನ್ನು ಮುಚ್ಚಿಡದೆ ಹೇಳಬೇಕು. 1736ರಲ್ಲಿ ಗೋವೆಯ ಇನ್‌ಕ್ವಿಸಿಷನ್ ಹೊರಡಿಸಿದ ಆಜ್ಞಾಪತ್ರವು ಮದುವೆಯ ಮನೆಗಳಲ್ಲಿ ಓವಿ ಹಾಡುವುದನ್ನು ನಿಷೇಧಿಸಿತು. ಜನರ ನಿತ್ಯದ ಹಾಡನ್ನು ಧರ್ಮದ ಹೆಸರಿನಲ್ಲಿಯೇ ಅಡಗಿಸಲು ನಡೆದ ಯತ್ನ ಅದು. ಆದರೂ ಹಾಡು ಸಾಯಲಿಲ್ಲ. ಗಡಿ ದಾಟಿ ಕನ್ನಡ ನಾಡಿಗೆ ಬಂದ ಕುಟುಂಬಗಳ ನಡುಮನೆಯಲ್ಲಿ ಅದು ಉಸಿರಾಡಿತು. ಊರು ಕಳೆದುಕೊಂಡವರೇ ಊರಿನ ಹಾಡನ್ನು ಉಳಿಸಿಕೊಂಡರು ಎಂಬುದು ಗಮನಾರ್ಹ. ಮುಂದೆ 1986ರಲ್ಲಿ ಮಂಗಳೂರಿನಲ್ಲಿ ಎರಿಕ್ ಒಝೇರಿಯೊ ಅವರು ಹುಟ್ಟುಹಾಕಿದ ಮಾಂಡ್ ಸೊಭಾಣ್ ಸಂಸ್ಥೆಯು ಗುಮಟೆಯನ್ನೂ ಹಳೆಯ ಹಾಡುಗಳನ್ನೂ ವೇದಿಕೆಗೆ ತಂದಿತು. 2008ರ ಜನವರಿಯಲ್ಲಿ ನಲವತ್ತು ಗಂಟೆಗಳ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆಯನ್ನೂ ಬರೆಯಿತು. ಗೋವಾ ಸರ್ಕಾರವು 2019ರಲ್ಲಿ ಗುಮಟೆಯನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು. ಒಂದು ಕಾಲಕ್ಕೆ ಇದಕ್ಕೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇರೆಗೆ ಉಡವನ್ನು ಕೊಲ್ಲುವುದು ಅಪರಾಧವಾದ್ದರಿಂದ ಈಗ ಮೇಕೆಯ ಚರ್ಮ ಬಳಸುತ್ತಾರೆ. ಚರ್ಮ ಬದಲಾಯಿತು, ನಾದ ಉಳಿಯಿತು.

ಕಾಡಿನ ಡಮಾಮಿ

ಗೋವೆಯಿಂದ ಬಂದವರ ಸಾಲಿನಲ್ಲಿ ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯದ ಬಂಧುಗಳಿದ್ದಾರೆ. ಅವರು ಸಿದ್ದಿಗಳು. ಪೂರ್ವ ಆಫ್ರಿಕದ ತೀರಗಳಿಂದ ಪೋರ್ತುಗೀಸರೂ ಇತರ ವ್ಯಾಪಾರಿಗಳೂ ಹಡಗುಗಳಲ್ಲಿ ತಂದು ಮಾರಿದ ಜನರ ಸಂತತಿ ಇವರು. ಗೋವೆಯ ಸಿರಿವಂತರ ಮನೆಗಳಲ್ಲಿ ಮಾತ್ರವಲ್ಲ, ಕ್ರೈಸ್ತ ಮಠಗಳಲ್ಲಿಯೂ ಗುಲಾಮರಿದ್ದರೆಂಬುದು ಇತಿಹಾಸ. ಆ ಸಂಕೋಲೆಯಿಂದ ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಸಹ್ಯಾದ್ರಿಯ ದಟ್ಟ ಕಾಡುಗಳನ್ನು ಹೊಕ್ಕರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಅವರು ನೆಲೆ ಕಂಡರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮೊಡನೆ ಒಂದೇ ಬಲಿಪೀಠದ ಮುಂದೆ ಮೊಣಕಾಲೂರುವ ಕಥೋಲಿಕರೂ ಇದ್ದಾರೆ. ಕಥೋಲಿಕ ಸಿದ್ದಿಗಳ ಮನೆಮಾತು ಹೆಚ್ಚಾಗಿ ಕೊಂಕಣಿಯೇ.

ಹಡಗಿನ ಒಡಲಲ್ಲಿ ಬಂದವರಿಗೆ ಸಾಮಾನು ತರುವ ಭಾಗ್ಯವಿರಲಿಲ್ಲ. ಅಜ್ಜಂದಿರ ಭಾಷೆಯೂ ತಲೆಮಾರುಗಳ ನಡುವೆ ಕರಗಿಹೋಯಿತು. ಉಳಿದದ್ದು ಮೈಯೊಳಗಿನ ಲಯ. ಆ ಲಯಕ್ಕೆ ಈ ಕಾಡಿನ ಮರ, ಈ ನೆಲದ ಪ್ರಾಣಿಯ ಚರ್ಮ ಸೇರಿ ಡಮಾಮಿ ಎಂಬ ವಾದ್ಯವಾಯಿತು. ಅದರ ಹೆಸರೇ ಅವರ ಕುಣಿತದ ಹೆಸರೂ ಆಯಿತು. ಸಿದ್ದಿ ಹೆಣ್ಣುಮಕ್ಕಳು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವಂತೆಯೇ ಅವರ ಹಾಡೂ ತುಂಡುಗಳ ಜೋಡಣೆ. ತಾಳ ಆಫ್ರಿಕದ್ದು, ಮಾತು ಕೊಂಕಣಿಯದು ಅಥವಾ ಕನ್ನಡದ್ದು, ಪ್ರಸಂಗ ಇಂದಿನ ಕೂಲಿಯದು, ಕಾಡಿನದು, ಹಬ್ಬದ್ದು. ಚೂರುಗಳಿಂದಲೇ ಬೆಚ್ಚನೆಯ ಹೊದಿಕೆ ಮಾಡಿಕೊಂಡ ಜನ ಅವರು.

ಇಷ್ಟಾದರೂ ಈ ನೆಲ ಅವರನ್ನು ತನ್ನವರೆಂದು ಒಪ್ಪಲು ತಡಮಾಡಿತು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳು ಅದೇ ಮಾನ್ಯತೆಗಾಗಿ 2020ರವರೆಗೆ ಕಾಯಬೇಕಾಯಿತು. ಹಳಿಯಾಳದಲ್ಲಿ ಡಮಾಮಿ ಬಾರಿಸಿದವನು ಬುಡಕಟ್ಟಿನವನು, ನೆರೆಯ ಖಾನಾಪುರದಲ್ಲಿ ಅದೇ ಡಮಾಮಿ ಬಾರಿಸಿದ ಅವನ ಸೋದರಮಾವ ಅಲ್ಲ ಎಂಬ ವಿಚಿತ್ರ ಸ್ಥಿತಿ ಹದಿನೇಳು ವರ್ಷ ನಡೆಯಿತು. ಜಿಲ್ಲೆಯ ಗಡಿಯು ಕಾಗದಕ್ಕೆ ಗೊತ್ತಿತ್ತು, ವಾದ್ಯಕ್ಕೆ ಗೊತ್ತಿರಲಿಲ್ಲ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಮುದಾಯದಿಂದ ಶಾಸನಸಭೆ ಪ್ರವೇಶಿಸಿದ ಮೊದಲಿಗರಾದುದು ಸಂತಸದ ಸಂಗತಿ. ಆದರೆ ಸರ್ಕಾರದ ಪಟ್ಟಿಗೆ ಸೇರುವುದು ಒಂದು, ನೆರೆಯವರ ಮನಸ್ಸಿಗೆ ಸೇರುವುದು ಇನ್ನೊಂದು. ಎರಡನೆಯದು ಕಾನೂನಿನಿಂದ ಆಗುವ ಕೆಲಸವಲ್ಲ, ನಮ್ಮಿಂದ ಆಗಬೇಕಾದದ್ದು.

ಹೊರಗಿನ ಜಗತ್ತಿನಲ್ಲಿಯೂ ಇಂಥ ಉದಾಹರಣೆಗಳು ಹೇರಳವಾಗಿವೆ. ಶ್ರೀಲಂಕಾದ ಪುತ್ತಲಂ ಬಳಿಯ ಸಿರಂಬಿಯಡಿಯ ಎಂಬಲ್ಲಿ ಸಿದ್ದಿಗಳಂತೆಯೇ ಆಫ್ರಿಕದ ಮೂಲದ ಪುಟ್ಟ ಸಮುದಾಯವೊಂದಿದೆ. ಅವರೂ ಬಹುಮಟ್ಟಿಗೆ ಕಥೋಲಿಕರು. ಮಾಂಜಾ ಎಂಬ ಅವರ ಹಾಡಿಗೆ ತೆಂಗಿನ ಚಿಪ್ಪು, ಗಾಜಿನ ಬಾಟಲಿ, ಚಮಚಗಳೇ ಪಕ್ಕವಾದ್ಯ. ಪೆರು ದೇಶದ ಕರಿಯ ಜನರು ಸರಕು ತುಂಬುವ ಮರದ ಪೆಟ್ಟಿಗೆಯ ಮೇಲೆ ಕುಳಿತು ಬಡಿದದ್ದೇ ಕಹೋನ್ ಎಂಬ ವಾದ್ಯವಾಯಿತು. ಟ್ರಿನಿಡಾಡಿನ ಬಡಗೇರಿಗಳಲ್ಲಿ ಖಾಲಿ ಎಣ್ಣೆ ಪೀಪಾಯಿಗಳು ಸುಸ್ವರದ ಉಕ್ಕಿನ ವಾದ್ಯಗಳಾದವು. ಕೈಯಲ್ಲಿ ಏನೂ ಉಳಿಯದಿದ್ದಾಗ ಮನುಷ್ಯನು ಕೈಗೆ ಸಿಕ್ಕಿದ್ದನ್ನೇ ವಾದ್ಯ ಮಾಡಿಕೊಂಡನೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಸುಳೇಭಾವಿಯಿಂದ ದೇವಾಸಕ್ಕೆ

ನಿತ್ಯದ ಸದ್ದಿಗೆ ಕಿವಿಗೊಡುವುದು ಬಡವರ ಅನಿವಾರ್ಯ ಮಾತ್ರ, ಶ್ರೇಷ್ಠ ಸಂಗೀತಕ್ಕೆ ಅದು ಬೇಕಿಲ್ಲ ಎಂದು ಯಾರಾದರೂ ಭಾವಿಸಿದರೆ, ಬೆಳಗಾವಿಯ ಮಗನೊಬ್ಬನ ಬದುಕು ಆ ಭ್ರಮೆಯನ್ನು ಕಳೆಯುತ್ತದೆ. 1924ರ ಏಪ್ರಿಲ್ 8ರಂದು ಇಲ್ಲಿಗೆ ಸಮೀಪದ ಸುಳೇಭಾವಿಯಲ್ಲಿ ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರನ್ನು ಜಗತ್ತು ಕುಮಾರ ಗಂಧರ್ವ ಎಂದು ಬಲ್ಲದು. ಬಾಲ್ಯದಲ್ಲಿಯೇ ಹಾಡಿ ಬೆರಗುಗೊಳಿಸಿದ ಅವರು ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಕಲಿತರು. ಕ್ಷಯರೋಗ ಕಾಡಿದಾಗ ಒಣ ಹವೆಯನ್ನು ಅರಸಿ 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ವಲಸೆ ಹೋದರು. ವರ್ಷಗಟ್ಟಲೆ ಹಾಡುವಂತಿರಲಿಲ್ಲ. ಹಾಸಿಗೆ ಹಿಡಿದ ಗಾಯಕನಿಗೆ ಉಳಿದದ್ದು ಕಿವಿಯೊಂದೇ.

ಆ ಕಿವಿಗೆ ಬಿದ್ದದ್ದು ಪರ ಊರಿನ ಸದ್ದು. ಮಾಳವದ ಹೆಂಗಸರು ಮನೆಗೆಲಸದ ನಡುವೆ ಗುನುಗುವ ಪದಗಳು, ಹಬ್ಬದ ಹಾಡು, ಬೀದಿಯಲ್ಲಿ ಹಾದುಹೋಗುವ ಸಾಧುಗಳ ನಿರ್ಗುಣ ಭಜನೆ. ಕುಮಾರರು ಅವನ್ನು ಕೇಳಿದರು, ಬರೆದಿಟ್ಟುಕೊಂಡರು, ಅವುಗಳ ಒಡಲಲ್ಲಿದ್ದ ರಾಗದ ಬೀಜಗಳನ್ನು ಗುರುತಿಸಿದರು. ಚೇತರಿಸಿಕೊಂಡು ಮತ್ತೆ ಹಾಡಲು ಕುಳಿತಾಗ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಾಗಿತ್ತು. ಆದರೆ ಆ ಕಂಠದಲ್ಲಿ ಮಾಳವ ದೇಶವೇ ನೆಲೆಸಿತ್ತು. ಜಾನಪದ ಧಾಟಿಗಳಿಂದ ಅವರು ಹೊಸ ರಾಗಗಳನ್ನೇ ರೂಪಿಸಿದರು. ಕನ್ನಡದ ಹುಡುಗ ಮಾಳವದವರ ಹೆಮ್ಮೆಯಾದದ್ದು ಹೀಗೆ. 1992ರ ಜನವರಿ 12ರಂದು ಅವರು ದೇವಾಸದಲ್ಲಿಯೇ ಕಣ್ಮುಚ್ಚಿದರು. ಬೆಳಗಾವಿ ಅವರ ಹೆಸರನ್ನು ತನ್ನ ರಂಗಮಂದಿರಕ್ಕೆ ಇಟ್ಟು ಗೌರವಿಸಿದೆ. ಅವರ ಬದುಕಿನ ಪಾಠವನ್ನೂ ನಾವು ಮನೆಗೆ ತಂದುಕೊಳ್ಳಬೇಡವೇ? ಬಂದ ಊರಿನ ಸದ್ದಿಗೆ ಕಿವಿಗೊಟ್ಟವನನ್ನು ಆ ಊರು ಪರಕೀಯನೆಂದು ಎಣಿಸುವುದಿಲ್ಲ.

ಕುಮಾರರು ದೇವಾಸಕ್ಕೆ ಹೋದ ಅದೇ 1948ರಲ್ಲಿ, ಪ್ಯಾರಿಸಿನಲ್ಲಿ ಪಿಯರ್ ಶೆಫರ್ ಎಂಬ ರೇಡಿಯೋ ತಂತ್ರಜ್ಞ ರೈಲುಗಳ ಸದ್ದನ್ನು ಮುದ್ರಿಸಿಕೊಂಡು, ಅದರ ತುಣುಕುಗಳನ್ನು ಜೋಡಿಸಿಯೇ ಒಂದು ಸಂಗೀತ ಕೃತಿ ರಚಿಸಿದ. ನಲವತ್ತು ವರ್ಷಗಳ ತರುವಾಯ 1988ರಲ್ಲಿ ಅಮೆರಿಕದ ಸ್ಟೀವ್ ರೈಕ್, ರೈಲಿನ ಶಿಳ್ಳೆಗಳನ್ನೂ ಹಿರಿಯರ ಮಾತಿನ ಮುದ್ರಿಕೆಗಳನ್ನೂ ತಂತಿವಾದ್ಯಗಳೊಡನೆ ಹೆಣೆದು, ಎರಡನೆಯ ಮಹಾಯುದ್ಧದ ಕಾಲದ ಪಯಣಗಳ ಕಥೆ ಹೇಳಿದರು. ತಾವು ಬಾಲಕನಾಗಿ ಅಮೆರಿಕದಲ್ಲಿ ನಿಶ್ಚಿಂತೆಯಿಂದ ಪಯಣಿಸಿದ ರೈಲು ಒಂದು. ಅದೇ ವರ್ಷಗಳಲ್ಲಿ ಯೂರೋಪಿನ ಯೆಹೂದ್ಯರನ್ನು ಸಾವಿನ ಶಿಬಿರಗಳಿಗೆ ಒಯ್ದ ರೈಲು ಇನ್ನೊಂದು. ಲೋಂಡಾ ನಿಲ್ದಾಣದಲ್ಲಿ ಅಪ್ಪನನ್ನು ಬೀಳ್ಕೊಟ್ಟ ನಮ್ಮ ಮನೆಗಳಿಗೆ ರೈಲಿನ ಶಿಳ್ಳೆ ಸಂಗೀತವಾಗಬಲ್ಲದು ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಆಧುನಿಕತೆಯ ಹೆಸರಿನಲ್ಲಿ ಮನೆಯ ಸದ್ದನ್ನು ಕೀಳಾಗಿ ಕಾಣುವ ಯುವಕರು ಇದನ್ನು ಗಮನಿಸಬೇಕು. ಹೊಸ ಸಂಗೀತವೇ ಹಳೆಯ ಸದ್ದನ್ನು ಹುಡುಕಿಕೊಂಡು ಬರುತ್ತಿದೆ.

ದೇವಾಲಯದ ಬಾಗಿಲಲ್ಲಿ

ಇನ್ನು ನಮ್ಮ ಧರ್ಮಕೇಂದ್ರಗಳ ಸ್ಥಿತಿಯನ್ನು ನೋಡೋಣ. ಎಷ್ಟೋ ಗಾನವೃಂದಗಳಲ್ಲಿ ಇಂದು ಕೀಬೋರ್ಡಿನ ಗುಂಡಿಯೊಂದನ್ನು ಒತ್ತಿದರೆ ಸಾಕು, ಯಾವುದೋ ಕಾರ್ಖಾನೆಯಲ್ಲಿ ತುಂಬಿಟ್ಟ ತಾಳ ತಾನೇ ಹೊರಬರುತ್ತದೆ. ಅದೇ ತಾಳ ಬೆಂಗಳೂರಿನಲ್ಲೂ ಅದೇ, ಮನಿಲಾದಲ್ಲೂ ಅದೇ. ಅದರಲ್ಲಿ ಖಾನಾಪುರದ ಮಳೆಯಿಲ್ಲ, ಕ್ಯಾಂಪಿನ ಬೀದಿಯಿಲ್ಲ, ಕಾಡಂಚಿನ ಹಳ್ಳಿಯಿಲ್ಲ. ಕೀಬೋರ್ಡನ್ನು ನಾವು ದೂಷಿಸುತ್ತಿಲ್ಲ. ಭಕ್ತಿಯಿಂದ ನುಡಿಸುವ ಬೆರಳುಗಳಿಗೆ ನಮ್ಮ ವಂದನೆ. ಆದರೆ ಗುಮಟೆ ಬಾರಿಸಬಲ್ಲ ಹಿರಿಯನು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತಿರುವಾಗ, ಯಂತ್ರದ ತಾಳಕ್ಕೆ ನಾವು ಚಪ್ಪಾಳೆ ತಟ್ಟುವುದು ಸರಿಯೇ?

'ದೇವಾಲಯದೊಳಗೆ ಡೋಲು ತಮಟೆಯೇ?' ಎಂದು ಹುಬ್ಬೇರಿಸುವವರಿದ್ದಾರೆ. ಅವರ ಭಕ್ತಿಯನ್ನು ಗೌರವಿಸಿಯೇ ಉತ್ತರಿಸುತ್ತೇವೆ. ನಾವು ಇಂದು ಪರಮ ಪವಿತ್ರವೆಂದು ಬಗೆಯುವ ಆರ್ಗನ್ನಿನ ಪೂರ್ವಜವಾದ ಜಲವಾದ್ಯವು ಪ್ರಾಚೀನ ರೋಮಿನ ಅಖಾಡಗಳಲ್ಲಿ ಮಲ್ಲರ ಕಾಳಗಕ್ಕೆ ನುಡಿಯುತ್ತಿತ್ತು. ಕಾಲಕ್ರಮದಲ್ಲಿ ಧರ್ಮಸಭೆ ಅದನ್ನು ಹಸನುಗೊಳಿಸಿ ಬಲಿಪೀಠದ ಸೇವೆಗೆ ಇಟ್ಟುಕೊಂಡಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನವು, ತಮ್ಮದೇ ಸಂಗೀತ ಸಂಪ್ರದಾಯವುಳ್ಳ ಜನಾಂಗಗಳ ನಡುವೆ ಆ ಸಂಗೀತಕ್ಕೆ ತಕ್ಕ ಗೌರವ ಸಲ್ಲಬೇಕೆಂದು ಸ್ಪಷ್ಟವಾಗಿ ಹೇಳಿದೆ. 1967ರ ಪವಿತ್ರ ಸಂಗೀತದ ಆದೇಶವು ವಾದ್ಯಗಳನ್ನು ಆರಿಸುವಾಗ ಆಯಾ ಜನರ ಸಂಸ್ಕೃತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ತಿಳಿಸುತ್ತದೆ. ಜೊತೆಗೆ ವಾದ್ಯವು ಪ್ರಾರ್ಥನೆಗೆ ನೆರವಾಗಬೇಕು, ಗದ್ದಲವಾಗಬಾರದು ಎಂಬ ವಿವೇಕವನ್ನೂ ಬೋಧಿಸುತ್ತದೆ. ಮಹಾಸಭೆಗೂ ಮುನ್ನ, 1958ರಲ್ಲಿಯೇ ಕಾಂಗೋ ದೇಶದ ಬಾಲಕರ ಗಾನವೃಂದವು ತನ್ನ ನಾಡಿನ ಧಾಟಿ ಮತ್ತು ವಾದ್ಯಗಳೊಡನೆ ಲ್ಯಾಟಿನ್ ಬಲಿಪೂಜೆಯನ್ನು ಹಾಡಿ ಜಗತ್ತಿನ ಗಮನ ಸೆಳೆದಿತ್ತು. 'ಮಿಸ್ಸಾ ಲುಬಾ' ಎಂದು ಹೆಸರಾದ ಆ ಗಾಯನಕ್ಕೆ ಯೂರೋಪಿನ ಸಭಾಭವನಗಳು ತಲೆದೂಗಿದವು. ಆಫ್ರಿಕದ ಚರ್ಮವಾದ್ಯವು ದೇವರ ಸ್ತುತಿಗೆ ಒಗ್ಗುತ್ತದೆಂದು ಅಲ್ಲಿ ಒಪ್ಪಿದ ನಾವು, ನಮ್ಮದೇ ಧರ್ಮಕೇಂದ್ರದ ಸಿದ್ದಿ ಬಂಧುವಿನ ಡಮಾಮಿಗೆ ಬಾಗಿಲು ಹಾಕುವುದು ನ್ಯಾಯವಲ್ಲ.

ಆದರೆ ಮತ್ತೊಂದು ಆಕ್ಷೇಪವಿದೆ. ಅದು ಹೆಚ್ಚು ತೂಕದ್ದು. ಸಿದ್ದಿಗಳನ್ನು ಬಣ್ಣಬಣ್ಣದ ಎಲೆಗಳುಟ್ಟು ಕುಣಿಯಲು ಕರೆಯುವುದು, ಛಾಯಾಚಿತ್ರ ತೆಗೆಯುವುದು, ಊಟ ಹಾಕಿ ಕಳಿಸುವುದು ನಮ್ಮ ನಾಡಿನ ಉತ್ಸವಗಳಲ್ಲಿ ಹೊಸದೇನಲ್ಲ. ಅದು ಗೌರವವಲ್ಲ, ಪ್ರದರ್ಶನ. ಪವಿತ್ರ ಗ್ರಂಥದ 137ನೆಯ ಕೀರ್ತನೆಯನ್ನು ಇಲ್ಲಿ ನೆನೆಯೋಣ. ಬ್ಯಾಬಿಲೋನಿಗೆ ಸೆರೆಯಾಗಿ ಒಯ್ಯಲ್ಪಟ್ಟ ಇಸ್ರಾಯೇಲರನ್ನು ಸೆರೆಹಿಡಿದವರೇ ಮನರಂಜನೆಗಾಗಿ ಹಾಡಿರೆಂದು ಕೇಳಿದರು. ಅವರು ತಮ್ಮ ಕಿನ್ನರಿಗಳನ್ನು ಮರಗಳಿಗೆ ತೂಗುಹಾಕಿ ಮೌನವಾದರು. ನೋಯಿಸಿದವರ ವಿನೋದಕ್ಕೆ ಹಾಡದಿರುವ ಹಕ್ಕು ವಲಸಿಗನಿಗಿದೆ ಎಂಬುದನ್ನು ನಮ್ಮ ಧರ್ಮಗ್ರಂಥವೇ ಎತ್ತಿ ಹಿಡಿದಿದೆ. ಆದ್ದರಿಂದ ಯಾವ ಹಾಡು, ಯಾವ ಹಬ್ಬಕ್ಕೆ, ಯಾವ ರೀತಿಯಲ್ಲಿ ಎಂಬುದನ್ನು ಸಿದ್ದಿ ಕುಟುಂಬಗಳೇ ನಿರ್ಧರಿಸಲಿ; ಬೇಡವೆಂದರೆ ಆ ಮಾತಿಗೂ ಬೆಲೆಯಿರಲಿ. ಅವರ ಮಕ್ಕಳು ಗಾನವೃಂದದ ಖಾಯಂ ಸದಸ್ಯರಾಗದೆ, ವರ್ಷಕ್ಕೊಮ್ಮೆ ಮಾತ್ರ ಅವರ ವಾದ್ಯ ಕರೆಸುವುದರಲ್ಲಿ ಅರ್ಥವಿಲ್ಲ.

ನಮ್ಮ ಸಲಹೆಗಳು

ಈ ದಿಸೆಯಲ್ಲಿ ನಾವು ಕೆಲವು ಸರಳ ಸಲಹೆಗಳನ್ನು ಮುಂದಿಡಬಯಸುತ್ತೇವೆ. ಮೊದಲನೆಯದಾಗಿ, ಪ್ರತಿ ಧರ್ಮಕೇಂದ್ರದಲ್ಲಿ ವರ್ಷಕ್ಕೆ ಒಂದು ಸಂಜೆಯನ್ನಾದರೂ ಹಿರಿಯರ ಹಾಡಿಗೆ ಮೀಸಲಿಡಬೇಕು. ಮನೆಮನೆಯಲ್ಲಿ ಮೊಬೈಲ್ ಇರುವ ಈ ದಿನಗಳಲ್ಲಿ ಮುದ್ರಿಸಿಕೊಳ್ಳುವುದು ಹಣದ ಪ್ರಶ್ನೆಯಲ್ಲ, ಮನಸ್ಸಿನ ಪ್ರಶ್ನೆ. ಹಾಡಿದವರ ಒಪ್ಪಿಗೆ ಪಡೆದು, ಅವರ ಹೆಸರು, ಹಾಡಿನ ಸಂದರ್ಭ, ಅವರು ಬಂದ ಊರು ಇವನ್ನು ಬರೆದಿಡಬೇಕು. ಯಂತ್ರಗಳಿಲ್ಲದ ಕಾಲದಲ್ಲಿ ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಅವರು ಕಾಲ್ನಡಿಗೆಯಲ್ಲಿ ಮಾಡಿದ್ದನ್ನು ನಾವು ಕುಳಿತಲ್ಲಿ ಮಾಡಲಾರೆವೇ?

ಎರಡನೆಯದಾಗಿ, ಖಾನಾಪುರದ ಕುಂಬಾರಿಕೆ ಹೆಸರುವಾಸಿಯಾದದ್ದು. ಇಲ್ಲಿಯ ಕುಂಬಾರರಿಂದಲೇ ಗುಮಟೆಯ ಗಡಿಗೆಗಳನ್ನು ಮಾಡಿಸಿ, ಮೇಕೆಯ ಚರ್ಮ ಬಿಗಿಸಿ, ಮಕ್ಕಳ ಕೈಗೆ ಕೊಡಬಹುದು. ಗೋವೆಯ ನಾದ, ಖಾನಾಪುರದ ಮಣ್ಣು. ನಾವು ಯಾರು, ಯಾವ ಊರವರು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ವಸ್ತು ಬೇರೆ ಇರಲಾರದು. ಬಡಕುಂಬಾರನಿಗೂ ನಾಲ್ಕು ಕಾಸು ದೊರೆತೀತು.

ಮೂರನೆಯದಾಗಿ, ನಮ್ಮ ಶಾಲೆಗಳ ಸಂಗೀತ ಶಿಕ್ಷಕರು ಮಕ್ಕಳಿಗೆ ಒಂದು ಮನೆಗೆಲಸ ಕೊಡಲಿ. ತಮ್ಮ ಮನೆಯ, ಬೀದಿಯ ಹತ್ತು ಸದ್ದುಗಳನ್ನು ಆಲಿಸಿ ಬರೆಯಲಿ. ಹಂಚಿನ ಮೇಲೆ ಬೀಳುವ ಆಷಾಢದ ಮಳೆ, ರೊಟ್ಟಿ ಬಡಿಯುವ ಅಂಗೈ, ಸಂತೆಯ ಕೂಗು, ದೂರದ ರೈಲು, ಬೆಳಗಿನ ಬಾಂಗ್, ಗುಡಿಯ ಗಂಟೆ, ಚರ್ಚಿನ ಗಂಟೆ ಎಲ್ಲವೂ ಬರಲಿ. ಅವನ್ನು ತಾಳಕ್ಕೆ ಕೂಡಿಸಿ, ಕನ್ನಡ, ಕೊಂಕಣಿ, ಮರಾಠಿಗಳಲ್ಲಿ ತಮಗೆ ತೋಚಿದ ಸಾಲು ಸೇರಿಸಿ ಹಾಡು ಕಟ್ಟಲಿ. ನೆರೆಯವನ ಮನೆಯ ಸದ್ದನ್ನು ಹಾಡಿಗೆ ಸೇರಿಸಿಕೊಂಡ ಮಗು ನಾಳೆ ಅವನ ಭಾಷೆಯನ್ನು ಹಗೆಯೆಂದು ಭಾವಿಸಲಾರದು. ಗಡಿನಾಡಿಗೆ ಈ ಶಿಕ್ಷಣ ಬೇರೆಲ್ಲಕ್ಕಿಂತ ಹೆಚ್ಚು ಅಗತ್ಯ.

ಇದೆಲ್ಲ ಹಳೆಯದರ ಹಂಬಲವಷ್ಟೇ ಎಂದು ಯಾರೂ ಬಗೆಯದಿರಲಿ. ವಲಸೆ ಮುಗಿದಿಲ್ಲ. ಅಜ್ಜಂದಿರು ಘಟ್ಟ ಹತ್ತಿ ಬಂದ ಹಾದಿಯಲ್ಲೇ ಖಾನಾಪುರದ ತರುಣರು ಇಂದು ದುಡಿಮೆಗಾಗಿ ಗೋವೆಗೆ ಇಳಿಯುತ್ತಿದ್ದಾರೆ. ಬೆಳಗಾವಿಯ ಮಕ್ಕಳು ಪುಣೆ, ಬೆಂಗಳೂರು ಸೇರಿದ್ದಾರೆ. ಕೊಲ್ಲಿ ರಾಷ್ಟ್ರಗಳಲ್ಲಿ, ಕೆನಡಾದಲ್ಲಿ ಮನೆ ಮಾಡಿದ್ದಾರೆ. ಭಾನುವಾರದ ಫೋನಿನಲ್ಲಿ ಅವರು ಅಮ್ಮನ ಮಾತಿನ ಹಿಂದಿನಿಂದ ಕೇಳಿಸುವ ಕುಕ್ಕರಿನ ಸೀಟಿಗೂ, ಚರ್ಚಿನ ಗಂಟೆಗೂ ಕಿವಿಗೊಡುತ್ತಾರೆ ಎಂಬುದು ಹೆತ್ತವರಿಗೆ ತಿಳಿಯದ ವಿಷಯವಲ್ಲ. ನಾಳೆ ಅವರ ಮಕ್ಕಳಿಗೆ 'ನಿಮ್ಮದು ಯಾವ ಊರು?' ಎಂಬ ಅದೇ ಪ್ರಶ್ನೆ ಎದುರಾಗಲಿದೆ. ಆಗ ಆ ಮಕ್ಕಳ ನಾಲಿಗೆಯ ಮೇಲೆ ಒಂದು ಹಾಡಾದರೂ ಇರಬೇಡವೇ?

ಆ ಹಾಡನ್ನು ಈಗಲೇ ಕಟ್ಟಿಡಬೇಕು. ಓವಿ ಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ತೆರಳುತ್ತಿದ್ದಾರೆ. ಅವರ ಹಿಂದೆಯೇ ಹಾಡೂ ತೆರಳುತ್ತದೆ. ಮುಂದಿನ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಬಂದ ಮೇಲೆ, ದೂರದರ್ಶನ ಹಚ್ಚುವ ಮುನ್ನ, ಮನೆಯ ಹಿರಿಯರ ಬಳಿ ಕುಳಿತು ಒಂದು ಪದ ಹಾಡಿರೆಂದು ಕೇಳಿ. ನೆರೆಯಲ್ಲಿ ಸಿದ್ದಿ ಕುಟುಂಬವಿದ್ದರೆ ಅವರ ಅಂಗಳಕ್ಕೂ ಹೋಗಿ ಬನ್ನಿ. ಹಾಡು ಕೇಳಲು ಅಲ್ಲ, ಮೊದಲು ಕ್ಷೇಮ ವಿಚಾರಿಸಲು. ನೆಂಟಸ್ತನ ಬೆಳೆದರೆ ಹಾಡು ತಾನಾಗಿ ಹೊರಡುತ್ತದೆ.